ಭಾಷೆಗೆ ಒಂದೇ ಕಾಲಂ: ವಿಯೆನ್ನಾದ ಚೆಕ್ಕರಿಂದ ನಾವು ಕಲಿಯಬಹುದಾದದ್ದು

1880ರ ಡಿಸೆಂಬರ್ 31ನ್ನು ಗಣನೆಯ ದಿನವಾಗಿಟ್ಟುಕೊಂಡು ಹ್ಯಾಪ್ಸ್‌ಬರ್ಗ್ ಸಾಮ್ರಾಜ್ಯದ ಆಸ್ಟ್ರಿಯಾ ಭಾಗದಲ್ಲಿ ಒಂದು ಜನಗಣತಿ ನಡೆಯಿತು. ಹೆಸರು, ವಯಸ್ಸು, ಧರ್ಮ, ಕಸುಬುಗಳ ಜೊತೆಗೆ ಆ ಸಲ ಹೊಸದೊಂದು ಪ್ರಶ್ನೆ ಸೇರಿತ್ತು: ನೀವು ದಿನನಿತ್ಯ ಬಳಸುವ ಭಾಷೆ ಯಾವುದು? ಉತ್ತರಕ್ಕೆ ಒಂಬತ್ತು ಭಾಷೆಗಳ ಪಟ್ಟಿ ಇತ್ತು. ಅದರಲ್ಲಿ ಒಬ್ಬರಿಗೆ ಒಂದೇ ಭಾಷೆ. ಮನೆಯಲ್ಲಿ ಚೆಕ್, ಅಂಗಡಿಯಲ್ಲಿ ಜರ್ಮನ್ ಎಂದು ಎರಡನ್ನೂ ಬರೆಸುವಂತಿರಲಿಲ್ಲ. ಲಕ್ಷಾಂತರ ಯಹೂದಿಗಳು ಮನೆಯಲ್ಲಿ ಆಡುತ್ತಿದ್ದ ಯಿಡ್ಡಿಷ್ ಆ ಪಟ್ಟಿಯಲ್ಲೇ ಇರಲಿಲ್ಲ.

ನಾನು ಐಟಿ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ದಿನವಿಡೀ ಡೇಟಾಬೇಸ್‌ಗಳ ಜೊತೆ ಏಗುತ್ತೇನೆ. ಒಂದು ಕಾಲಂನಲ್ಲಿ ಒಂದೇ ಬೆಲೆ ಇರಬೇಕು, ಅದು ಖಾಲಿ ಇರಬಾರದು ಎಂದು ನಿಯಮ ಹಾಕುವುದು ನಮಗೆ ಒಂದು ನಿಮಿಷದ ಕೆಲಸ. ಆದರೆ ಆ ನಿಯಮ ಹಾಕಿದ ಗಳಿಗೆಯಿಂದ, ಎರಡು ಉತ್ತರ ಇರುವ ಮನುಷ್ಯ ನಮ್ಮ ವ್ಯವಸ್ಥೆಗೆ ಕಾಣಿಸುವುದೇ ಇಲ್ಲ. ಆಸ್ಟ್ರಿಯಾದ ಆ ಕಾಲಂ ಹಾಗೆ ಕಾಣದಂತೆ ಮಾಡಿದ್ದು ಯಾರನ್ನು, ಅಲ್ಲಿನ ವಿದ್ವಾಂಸರು ಅದಕ್ಕೆ ಏನು ಮಾಡಿದರು ಎನ್ನುವುದನ್ನು ಊರು ಬಿಟ್ಟು ಊರಲ್ಲಿ ಕನ್ನಡ ಆಡುವ ನಾವು ತಿಳಿದುಕೊಳ್ಳುವುದು ಒಳ್ಳೆಯದು.

ಅಡುಗೆಮನೆಯ ಭಾಷೆಗೆ ನಿಘಂಟು ಬಂತು

ಹದಿನೆಂಟನೆಯ ಶತಮಾನದ ಕೊನೆಗೆ ಬೊಹೀಮಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗದಲ್ಲಿ, ಕಚೇರಿಯ ಭಾಷೆ ಜರ್ಮನ್. ಕಾಲೇಜಿನ ಭಾಷೆಯೂ ಅದೇ. ಚೆಕ್ ಎಂದರೆ ರೈತರು, ಆಳುಗಳು, ಅಡುಗೆಯವರು ಆಡುವ ಮಾತು. ಚೆಕ್ ಭಾಷೆಯ ವ್ಯಾಕರಣವನ್ನು ಶಾಸ್ತ್ರೀಯವಾಗಿ ಕಟ್ಟಿಕೊಟ್ಟ ಯೋಸೆಫ್ ದೊಬ್ರೋವ್ಸ್ಕಿ ಅವರು ತಮ್ಮ ವ್ಯಾಕರಣ ಗ್ರಂಥವನ್ನು ಬರೆದಿದ್ದು ಜರ್ಮನ್‌ನಲ್ಲಿ. ಚೆಕ್ ಮತ್ತೆ ಎತ್ತರದ ಸಾಹಿತ್ಯದ ಭಾಷೆಯಾದೀತು ಎಂಬ ಭರವಸೆ ಅವರಿಗೇ ಅಷ್ಟಾಗಿ ಇರಲಿಲ್ಲ.

ಮುಂದಿನ ತಲೆಮಾರಿನ ಯೋಸೆಫ್ ಯುಂಗ್‌ಮನ್ ಅವರು ಆ ಅನುಮಾನವನ್ನು ಕೆಲಸದಿಂದಲೇ ಸುಳ್ಳು ಮಾಡಿದರು. 1811ರಲ್ಲಿ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಕಾವ್ಯವನ್ನು ಚೆಕ್‌ಗೆ ತಂದರು. 1830ರ ದಶಕದಲ್ಲಿ ಐದು ಸಂಪುಟಗಳ ಚೆಕ್–ಜರ್ಮನ್ ನಿಘಂಟನ್ನು ಮುಗಿಸಿದರು. ಇಲ್ಲದ ಪದಗಳನ್ನು ಪೋಲಿಷ್, ರಷ್ಯನ್ ಭಾಷೆಗಳಿಂದ ತಂದರು, ಕೆಲವನ್ನು ಹೊಸದಾಗಿ ಕಟ್ಟಿದರು. ಫ್ರಾಂತಿಶೆಕ್ ಪಲಾತ್ಸ್ಕಿ ಅವರು ಬೊಹೀಮಿಯಾದ ಇತಿಹಾಸವನ್ನು 1836ರಲ್ಲಿ ಜರ್ಮನ್‌ನಲ್ಲಿ ಶುರು ಮಾಡಿ, 1848ರಿಂದ ಚೆಕ್‌ನಲ್ಲಿ ಹೊರತಂದರು. ಜನರಿಗೆ ತಮ್ಮ ಭಾಷೆಯಲ್ಲೇ ತಮ್ಮ ಚರಿತ್ರೆ ಸಿಕ್ಕಿತು.

ಈ ಕಥೆಯಲ್ಲಿ ಹೆಣ್ಣುಮಕ್ಕಳ ಪಾಲನ್ನು ಸಾಮಾನ್ಯವಾಗಿ ಕೊನೆಯ ಸಾಲಿಗೆ ತಳ್ಳುತ್ತಾರೆ. ಮಗ್ದಲೇನಾ ರೆಟ್ಟಿಗೋವಾ 1826ರಲ್ಲಿ ಚೆಕ್‌ನಲ್ಲಿ ಒಂದು ಅಡುಗೆ ಪುಸ್ತಕ ಬರೆದರು. ಇತಿಹಾಸ ಗ್ರಂಥ ಓದದ ಮನೆಗಳಿಗೂ ಅಚ್ಚಾದ ಚೆಕ್ ತಲುಪಿದ್ದು ಇಂಥ ಪುಸ್ತಕಗಳಿಂದ. 1855ರಲ್ಲಿ ಬಂದ 'ಬಾಬಿಚ್ಕಾ', ಅಂದರೆ 'ಅಜ್ಜಿ', ಇವತ್ತಿಗೂ ಚೆಕ್ ಜನ ಅತಿ ಹೆಚ್ಚು ಪ್ರೀತಿಸುವ ಪುಸ್ತಕಗಳಲ್ಲೊಂದು. ಅದನ್ನು ಬರೆದ ಬೊಝೆನಾ ನ್ಯೆಮ್ಸೊವಾ ಹುಟ್ಟಿದ್ದು ವಿಯೆನ್ನಾದಲ್ಲಿ. ಅಪ್ಪ ಜರ್ಮನ್ ಮಾತಿನ ಸಾರೋಟು ನಡೆಸುವವರು, ಅಮ್ಮ ಚೆಕ್. ಕಾದಂಬರಿಕಾರ್ತಿ ಕರೋಲಿನಾ ಸ್ವೆತ್ಲಾ ಪ್ರಾಗ್ ನಗರದಲ್ಲಿ ಜರ್ಮನ್ ವಾತಾವರಣದಲ್ಲೇ ಬೆಳೆದು, ಆಮೇಲೆ ಚೆಕ್ಕನ್ನು ತಮ್ಮದಾಗಿಸಿಕೊಂಡವರು. ಕವಯಿತ್ರಿ ಎಲಿಷ್ಕಾ ಕ್ರಾಸ್ನೊಹೊರ್ಸ್ಕಾ 1890ರಲ್ಲಿ ಪ್ರಾಗ್‌ನಲ್ಲಿ 'ಮಿನರ್ವಾ' ಎಂಬ ಪ್ರೌಢಶಾಲೆಯನ್ನು ಆರಂಭಿಸಿದರು. ಹುಡುಗಿಯರನ್ನು ವಿಶ್ವವಿದ್ಯಾಲಯದ ಓದಿಗೆ ಸಿದ್ಧಗೊಳಿಸುವ ಶಾಲೆ ಅಂದಿನ ಇಡೀ ಸಾಮ್ರಾಜ್ಯದಲ್ಲಿ ಅದೇ ಮೊದಲು. ಪಾಠ ನಡೆದದ್ದು ಚೆಕ್‌ನಲ್ಲಿ.

ಇವರಲ್ಲಿ ಹಲವರು ಎರಡು ಭಾಷೆಗಳ ಮಕ್ಕಳು ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಚೆಕ್ ಭಾಷೆಯನ್ನು ಮೇಲೆತ್ತಿದವರನ್ನೇ 1880ರ ಫಾರ್ಮಿನ ಮುಂದೆ ಕೂರಿಸಿದ್ದರೆ, ಒಂದು ಭಾಷೆ ಬರೆದು ಇನ್ನೊಂದನ್ನು ನುಂಗಿಕೊಳ್ಳಬೇಕಾಗುತ್ತಿತ್ತು.

ಬೊಲ್ಜಾನೊ ಹೇಳಿದ ಇನ್ನೊಂದು ದಾರಿ

ಎಂಜಿನಿಯರಿಂಗ್ ಓದಿದವರಿಗೆ ಬೊಲ್ಜಾನೊ–ವೈರ್‌ಸ್ಟ್ರಾಸ್ ಪ್ರಮೇಯದ ಹೆಸರಾದರೂ ಕಿವಿಗೆ ಬಿದ್ದಿರುತ್ತದೆ. ಅದರಲ್ಲಿರುವ ಬೆರ್ನಾರ್ಡ್ ಬೊಲ್ಜಾನೊ ಪ್ರಾಗ್‌ನ ಒಬ್ಬ ಕ್ರೈಸ್ತ ಪಾದ್ರಿ ಮತ್ತು ಪ್ರಾಧ್ಯಾಪಕ. ಅವರ ತಂದೆ ಇಟಲಿ ಮೂಲದವರು, ತಾಯಿ ಜರ್ಮನ್ ಮಾತಿನವರು. 1816ರಲ್ಲಿ ಅವರು ವಿದ್ಯಾರ್ಥಿಗಳ ಮುಂದೆ ಬೊಹೀಮಿಯಾದ ಎರಡು ಜನಗಳ ಸಂಬಂಧದ ಬಗ್ಗೆಯೇ ಪ್ರವಚನಗಳನ್ನು ಕೊಟ್ಟರು. ಅವರ ಮಾತಿನ ತಿರುಳು ಇಷ್ಟು: ಮಾತು ಬೇರೆಯಾದ ಮಾತ್ರಕ್ಕೆ ಜನ ಬೇರೆಯಾಗುವುದಿಲ್ಲ, ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯಬೇಕು, ಅದರಲ್ಲೂ ಮೇಲುಗೈಯಲ್ಲಿರುವ ಜರ್ಮನ್ನರು ಮೊದಲು ಕೈಚಾಚಬೇಕು.

ಸರ್ಕಾರಕ್ಕೆ ಬೊಲ್ಜಾನೊ ಅವರ ಸ್ವತಂತ್ರ ವಿಚಾರಗಳು ಹಿಡಿಸಲಿಲ್ಲ. 1819ರಲ್ಲಿ ಅವರು ಹುದ್ದೆ ಕಳೆದುಕೊಂಡರು. ಅವರ ದಾರಿಯಲ್ಲಿ ಹೆಚ್ಚು ಜನ ನಡೆಯಲಿಲ್ಲ. ಒಂದು ಕಾರಣ ಸರಳ: ಕೈಚಾಚಬೇಕಾದವರು ಚಾಚಲಿಲ್ಲ. ಕಚೇರಿಯಲ್ಲಿ ನಿಮ್ಮ ಭಾಷೆಗೆ ಜಾಗವೇ ಇಲ್ಲದಿದ್ದಾಗ ಸೌಹಾರ್ದದ ಮಾತು ತಾಳ್ಮೆಯ ಪಾಠದಂತೆ ಕೇಳುತ್ತದೆ. 1897ರಲ್ಲಿ ಪ್ರಧಾನಿ ಬದೇನಿ ಬೊಹೀಮಿಯಾದ ಸರ್ಕಾರಿ ನೌಕರರು ಎರಡೂ ಭಾಷೆ ತಿಳಿದಿರಬೇಕು ಎಂದು ಆದೇಶ ಹೊರಡಿಸಿದಾಗ ಆದದ್ದೇನು? ಚೆಕ್ ನೌಕರರಿಗೆ ಜರ್ಮನ್ ಮೊದಲೇ ಬರುತ್ತಿತ್ತು. ಜರ್ಮನ್ ನೌಕರರು ಚೆಕ್ ಕಲಿಯಬೇಕಾಯಿತು. ಅಷ್ಟಕ್ಕೇ ವಿಯೆನ್ನಾದ ಸಂಸತ್ತಿನಲ್ಲಿ ಕೈಕೈ ಮಿಲಾಯಿಸಿದರು, ಬೀದಿಗಳಲ್ಲಿ ಗಲಭೆ ಎದ್ದಿತು, ವರ್ಷ ಮುಗಿಯುವ ಮೊದಲೇ ಬದೇನಿ ಕೆಳಗಿಳಿಯಬೇಕಾಯಿತು. ಆ ಗದ್ದಲವನ್ನು ಗ್ಯಾಲರಿಯಲ್ಲಿ ಕುಳಿತು ನೋಡಿದವರಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಕೂಡ ಒಬ್ಬರು.

ವಿಯೆನ್ನಾದಲ್ಲಿ ಮಾಯವಾದವರು

ಈಗ ನಮಗೆ ಹತ್ತಿರದ ವಿಷಯಕ್ಕೆ ಬರೋಣ. ಹೊಟ್ಟೆಪಾಡಿಗಾಗಿ ರಾಜಧಾನಿ ವಿಯೆನ್ನಾಕ್ಕೆ ಬಂದ ಚೆಕ್ಕರು ಇಟ್ಟಿಗೆ ಭಟ್ಟಿಗಳಲ್ಲಿ ದುಡಿದರು, ಬಟ್ಟೆ ಹೊಲಿದರು. ಹೆಣ್ಣುಮಕ್ಕಳು ಮನೆಗೆಲಸಕ್ಕೆ, ಅಡುಗೆಗೆ ಸೇರಿದರು. ಬೊಹೀಮಿಯಾದ ಅಡುಗೆಯವರು ಎಂದರೆ ವಿಯೆನ್ನಾದ ಸಿರಿವಂತರ ಮನೆಗಳಲ್ಲಿ ದೊಡ್ಡ ಹೆಸರು. ಇವತ್ತು ವಿಯೆನ್ನಾದ್ದೇ ಎಂದು ಹೇಳಿಕೊಳ್ಳುವ ಎಷ್ಟೋ ಸಿಹಿತಿಂಡಿಗಳು ಆ ಹೆಂಗಸರ ಕೈಯಲ್ಲಿ ಊರಿಂದ ಬಂದವು.

1900ರ ಜನಗಣತಿಯಲ್ಲಿ ವಿಯೆನ್ನಾದ ಜನಸಂಖ್ಯೆ ಸುಮಾರು 16 ಲಕ್ಷದ 70 ಸಾವಿರ. ಅದರಲ್ಲಿ ಚೆಕ್ ಎಂದು ದಾಖಲಾದವರು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಬೊಹೀಮಿಯಾ, ಮೊರಾವಿಯಾಗಳಲ್ಲಿ ಹುಟ್ಟಿ ಅಲ್ಲಿಗೆ ಬಂದು ನೆಲೆಸಿದವರು ಇದರ ಹಲವು ಪಟ್ಟು. ಅವರಲ್ಲಿ ಜರ್ಮನ್ ಮಾತಿನವರೂ ಇದ್ದರು ನಿಜ. ಆದರೆ ಲೆಕ್ಕ ಅಷ್ಟು ಇಳಿದದ್ದಕ್ಕೆ ಪ್ರಶ್ನೆಯ ರೀತಿಯೂ ಕಾರಣ. ಫಾರ್ಮ್ ಕೇಳಿದ್ದು ತಾಯ್ನುಡಿಯನ್ನಲ್ಲ, ದಿನಬಳಕೆಯ ಭಾಷೆಯನ್ನು. ಯಜಮಾನನ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಹುಡುಗಿಯ ದಿನಬಳಕೆಯ ಭಾಷೆ ಯಾವುದಾಗುತ್ತದೆ? ಅವಳು ಯಜಮಾನಿಗೆ ಉತ್ತರ ಕೊಡುವ ಭಾಷೆ. ಅವಳ ಲೆಕ್ಕವೂ ಆ ಮನೆಯ ಹಾಳೆಯಲ್ಲೇ. ಅವಳು ಕನಸು ಕಾಣುವ ಭಾಷೆಗೆ ಅಲ್ಲಿ ಕಾಲಂ ಇಲ್ಲ.

ಇದರ ಮೇಲೆ ಭಯ ಬೇರೆ. ಮೇಯರ್ ಕಾರ್ಲ್ ಲುಯೇಗರ್ ಅವರ ಆಡಳಿತದಲ್ಲಿ, ನಗರದ ಪೌರತ್ವ ಪಡೆಯುವವರು ವಿಯೆನ್ನಾದ ಜರ್ಮನ್ ಸ್ವರೂಪವನ್ನು ಕಾಪಾಡುತ್ತೇನೆ ಎಂದು ಪ್ರಮಾಣ ಮಾಡಬೇಕಿತ್ತು. ಚೆಕ್ ಎಂದು ಬರೆಸುವುದಕ್ಕೆ ಧೈರ್ಯ ಬೇಕಾಯಿತು. 1910ರ ಹೊತ್ತಿಗೆ ದಾಖಲಾದ ಚೆಕ್ಕರ ಸಂಖ್ಯೆ ಲಕ್ಷಕ್ಕಿಂತ ಕೆಳಗೆ ಬಂತು.

ಆ ಊರಿನ ಚೆಕ್ಕರು ಕೈಕಟ್ಟಿ ಕೂರಲಿಲ್ಲ. 1872ರಲ್ಲಿ 'ಕೊಮೆನ್ಸ್ಕಿ' ಹೆಸರಿನ ಸಂಘ ಕಟ್ಟಿದರು. ಅದು ಹದಿನೇಳನೆಯ ಶತಮಾನದ ದೊಡ್ಡ ಶಿಕ್ಷಣತಜ್ಞರ ಹೆಸರು; ಅವರೂ ಊರು ಬಿಟ್ಟು ಬದುಕಿದವರೇ. ಸಂಘದ ಮೊದಲ ಶಾಲೆ 1883ರಲ್ಲಿ, ಕೂಲಿಕಾರರೇ ಹೆಚ್ಚಿದ್ದ ಫಾವೊರಿಟನ್ ಬಡಾವಣೆಯಲ್ಲಿ ಶುರುವಾಯಿತು. ಮುಂದೆ ಹೊಸ ಶಾಲೆಗಳನ್ನು ತೆರೆಯಲು, ಅವಕ್ಕೆ ಮಾನ್ಯತೆ ಪಡೆಯಲು ವರ್ಷಗಟ್ಟಲೆ ಹೆಣಗಬೇಕಾಯಿತು. ಚಂದಾ ಎತ್ತಿ, ಬಾಡಿಗೆ ಹೊಂದಿಸಿ, ಭಾನುವಾರಗಳನ್ನು ಕೊಟ್ಟು ಸಂಘ ನಡೆಸುವುದೆಂದರೇನು ಎಂದು ಈ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಿಲ್ಲ.

ಮಗು ಯಾರದ್ದು?

ಎಣಿಕೆ ಶುರುವಾದ ಮೇಲೆ ಎರಡೂ ಕಡೆಯವರಿಗೆ ಸಂಖ್ಯೆಯ ಹಸಿವು ಹತ್ತಿತು. 1880ರಲ್ಲೇ ಜರ್ಮನ್ನರದ್ದೊಂದು, ಚೆಕ್ಕರದ್ದೊಂದು ಶಾಲಾ ಸಂಘ ಹುಟ್ಟಿದವು. ಗಡಿಯೂರುಗಳಲ್ಲಿ ಬಡವರ ಮಕ್ಕಳನ್ನು ತಮ್ಮ ಶಾಲೆಗೆ ಸೆಳೆಯಲು ಊಟ, ಬಟ್ಟೆ, ಪುಸ್ತಕ, ಕ್ರಿಸ್‌ಮಸ್ ಉಡುಗೊರೆಗಳ ಪೈಪೋಟಿ ನಡೆಯಿತು. 1882ರಲ್ಲಿ ಪ್ರಾಗ್ ವಿಶ್ವವಿದ್ಯಾಲಯ ಚೆಕ್ ಮತ್ತು ಜರ್ಮನ್ ಎಂದು ಎರಡಾಯಿತು.

ಆದರೆ ಹಳ್ಳಿಗಳ ತಾಯ್ತಂದೆಯರ ಲೆಕ್ಕಾಚಾರವೇ ಬೇರೆ. ಅಲ್ಲೊಂದು ಹಳೆಯ ಪದ್ಧತಿ ಇತ್ತು: ಚೆಕ್ ಮನೆಯವರು ತಮ್ಮ ಮಗುವನ್ನು ಕೆಲವು ತಿಂಗಳು ಜರ್ಮನ್ ಮನೆಗೆ ಕಳಿಸುವುದು, ಆ ಮನೆಯ ಮಗುವನ್ನು ತಾವು ಇಟ್ಟುಕೊಳ್ಳುವುದು. ದುಡ್ಡಿನ ಮಾತಿಲ್ಲ, ಮಕ್ಕಳಿಗೆ ಎರಡು ಭಾಷೆ ಬರುತ್ತಿತ್ತು, ಎರಡು ಮನೆಗಳಿಗೆ ನಂಟು ಬೆಳೆಯುತ್ತಿತ್ತು. ಬೊಲ್ಜಾನೊ ಪ್ರವಚನದಲ್ಲಿ ಹೇಳಿದ್ದನ್ನು ಈ ತಾಯಂದಿರು ಯಾವ ಪುಸ್ತಕವನ್ನೂ ಓದದೆ ಮಾಡುತ್ತಿದ್ದರು. ರಾಷ್ಟ್ರೀಯವಾದಿ ವಿದ್ಯಾವಂತರಿಗೆ ಇದು ಹಿಡಿಸಲಿಲ್ಲ. ಎರಡು ಭಾಷೆಯ ಮಗು ಅರೆಮನಸ್ಸಿನದು, ನಾಳೆ ಕೈತಪ್ಪಿ ಹೋಗುವಂಥದ್ದು ಎಂಬ ವಾದ ಎರಡೂ ಪಾಳೆಯಗಳಲ್ಲಿ ಕೇಳಿಬಂತು.

ನೆಲವಲ್ಲ, ಮನುಷ್ಯ

ಈ ಗೋಜಲಿಗೆ ವಿಯೆನ್ನಾದ ಸಮಾಜವಾದಿ ಚಿಂತಕರು ಒಂದು ಹೊಸ ಪರಿಹಾರ ಯೋಚಿಸಿದರು. ಸಂಸತ್ತಿನ ಗ್ರಂಥಾಲಯದಲ್ಲಿ ನೌಕರಿಯಲ್ಲಿದ್ದ ಕಾರ್ಲ್ ರೆನ್ನರ್ ಸ್ವಂತ ಹೆಸರಲ್ಲಿ ಬರೆಯುವ ಸ್ಥಿತಿಯಲ್ಲಿರಲಿಲ್ಲ. 1899ರಲ್ಲಿ ಗುಪ್ತನಾಮದಲ್ಲಿ ಒಂದು ಕಿರುಹೊತ್ತಗೆ ಪ್ರಕಟಿಸಿದರು. ಒಂದೇ ಊರಿನಲ್ಲಿ ಬೇರೆ ಬೇರೆ ಧರ್ಮದವರು ತಮ್ಮ ತಮ್ಮ ಸಂಸ್ಥೆ ನಡೆಸಿಕೊಂಡು ಬದುಕುತ್ತಾರೆ. ಅದಕ್ಕಾಗಿ ಬೇರೆ ದೇಶ ಕೇಳುವುದಿಲ್ಲ. ಭಾಷೆಯೂ ಹಾಗೇ ಏಕಿರಬಾರದು? ಹಕ್ಕು ನೆಲಕ್ಕೆ ಅಂಟಿಕೊಳ್ಳದೆ ಮನುಷ್ಯನ ಜೊತೆ ಹೋಗಲಿ; ವಿಯೆನ್ನಾದಲ್ಲಿರುವ ಚೆಕ್ಕನಿಗೂ ಪ್ರಾಗ್‌ನಲ್ಲಿರುವ ಜರ್ಮನ್ನನಿಗೂ ತನ್ನ ಭಾಷೆಯ ಶಾಲೆ ಸಿಗಲಿ. 1907ರಲ್ಲಿ ಇನ್ನೂ ಮೂವತ್ತು ತುಂಬದ ಒಟ್ಟೊ ಬಾವರ್ ಇದೇ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು.

ಪರವೂರಿನಲ್ಲಿರುವ ನನಗೆ ಈ ವಿಚಾರ ಓದಿದಾಗ ನೂರಕ್ಕೂ ಹೆಚ್ಚು ವರ್ಷ ಹಿಂದೆ ಯಾರೋ ನಮ್ಮ ಬಗ್ಗೆಯೇ ಯೋಚಿಸಿದಂತೆ ಅನ್ನಿಸಿತು. ಆದರೆ ಇದಕ್ಕೂ ಒಂದು ತೊಡಕಿತ್ತು. 1905ರಲ್ಲಿ ಮೊರಾವಿಯಾ ಪ್ರಾಂತ್ಯದಲ್ಲಿ ಇದೇ ಬಗೆಯ ಒಪ್ಪಂದ ಜಾರಿಗೆ ಬಂತು. ಶಾಸನಸಭೆಯ 151 ಸ್ಥಾನಗಳಲ್ಲಿ 73 ಚೆಕ್ಕರಿಗೆ, 40 ಜರ್ಮನ್ನರಿಗೆ. ಉಳಿದವು ದೊಡ್ಡ ಜಮೀನ್ದಾರರೇ ಮೊದಲಾದವರಿಗೆ. ಜಗಳ ತಗ್ಗಿತು. ಆದರೆ ಮತದಾರರನ್ನು ಎರಡು ಪಟ್ಟಿಗಳಲ್ಲಿ ಹಂಚಬೇಕಾಯಿತು, ಒಬ್ಬರು ಒಂದೇ ಪಟ್ಟಿಯಲ್ಲಿ. ಶಾಲೆಯ ಭಾಷೆ ಬರುವ ಮಗುವನ್ನಷ್ಟೇ ಆ ಶಾಲೆಗೆ ಸೇರಿಸಬೇಕು ಎಂಬ ನಿಯಮವೂ ಬಂತು. ಅದನ್ನು ಹಿಡಿದು, ಜರ್ಮನ್ ಶಾಲೆಯಲ್ಲಿದ್ದ ಮಗುವನ್ನು ಇದು ನಮ್ಮದು ಎಂದು ಚೆಕ್ ಶಾಲಾ ಮಂಡಳಿಗಳು ವಾಪಸು ಕೇಳತೊಡಗಿದವು. ಮನುಷ್ಯನ ಜೊತೆ ಹೋಗಬೇಕಿದ್ದ ಹಕ್ಕು ಮನುಷ್ಯನ ಮೇಲೆ ಬಿದ್ದ ಮೊಹರಾಯಿತು. ಪುಸ್ತಕದಲ್ಲಿ ಸೊಗಸಾಗಿದ್ದ ವಿಚಾರ ಜಾರಿಯಾಗುವಾಗ ಮತ್ತೆ ಅದೇ ಕಾಲಂಗೆ ಬಂದು ನಿಂತಿತು.

ತನ್ನವರಿಗೆ ಸತ್ಯ ಹೇಳಿದವರು

ಇವರೆಲ್ಲರಲ್ಲಿ ನನಗೆ ಹೆಚ್ಚು ಗೌರವ ತೊಮಾಶ್ ಮಸಾರಿಕ್ ಅವರ ಮೇಲೆ. ಸ್ಲೊವಾಕ್ ಅಪ್ಪ, ಜರ್ಮನ್‌ನಲ್ಲಿ ಬೆಳೆದ ಮೊರಾವಿಯಾದ ಅಮ್ಮ. ಅಮೆರಿಕದ ಶಾರ್ಲಟ್ ಗ್ಯಾರಿಗ್ ಅವರನ್ನು ಮದುವೆಯಾಗಿ ಹೆಂಡತಿಯ ಮನೆತನದ ಹೆಸರನ್ನು ತಮ್ಮ ಹೆಸರಿನ ನಡುವೆ ಸೇರಿಸಿಕೊಂಡವರು.

1817 ಮತ್ತು 1818ರಲ್ಲಿ ಬೊಹೀಮಿಯಾದಲ್ಲಿ ಎರಡು ಪ್ರಾಚೀನ ಚೆಕ್ ಹಸ್ತಪ್ರತಿಗಳು ಸಿಕ್ಕಿದವೆಂದು ಸುದ್ದಿಯಾಗಿತ್ತು. ಜರ್ಮನ್ನರಷ್ಟೇ ಹಳೆಯ ವೀರಕಾವ್ಯ ನಮಗೂ ಇದೆ ಎಂದು ಜನ ಹೆಮ್ಮೆಪಟ್ಟರು. ಪಲಾತ್ಸ್ಕಿ ಅವರಂಥ ದೊಡ್ಡವರೇ ಅವುಗಳ ಪರ ನಿಂತರು. 1886ರಲ್ಲಿ ಭಾಷಾಶಾಸ್ತ್ರಜ್ಞ ಯಾನ್ ಗೆಬಾವರ್ ಮತ್ತು ಮಸಾರಿಕ್ ಸೇರಿ, ಅವು ಹತ್ತೊಂಬತ್ತನೆಯ ಶತಮಾನದ ನಕಲಿಗಳು ಎಂದು ತೋರಿಸಿದರು. ದೇಶದ್ರೋಹಿಗಳು ಎಂಬ ಬೈಗುಳ ಕೇಳಬೇಕಾಯಿತು. ಮಸಾರಿಕ್ ಅವರ ನಿಲುವು ನೇರವಾಗಿತ್ತು: ಸುಳ್ಳಿನ ಮೇಲೆ ಒಂದು ಜನಾಂಗದ ಅಭಿಮಾನ ನಿಲ್ಲಬಾರದು.

1899ರ ಪರೀಕ್ಷೆ ಇನ್ನೂ ಕಠಿಣ. ಪೋಲ್ನಾ ಎಂಬ ಊರಿನ ಬಳಿ 19 ವರ್ಷದ ಹುಡುಗಿಯೊಬ್ಬಳ ಕೊಲೆಯಾಯಿತು. ಲಿಯೊಪೋಲ್ಡ್ ಹಿಲ್ಸ್‌ನರ್ ಎಂಬ ಬಡ ಯಹೂದಿಯನ್ನು ಹಿಡಿದರು. ಯಹೂದಿಗಳು ಮತಾಚರಣೆಗಾಗಿ ರಕ್ತ ಬಯಸುತ್ತಾರೆ ಎಂಬ ಹಳೆಯ ವಿಷದ ಕಥೆಗೆ ಮತ್ತೆ ಜೀವ ಬಂತು, ಅವನಿಗೆ ಮರಣದಂಡನೆಯಾಯಿತು. ಮಸಾರಿಕ್ ತೀರ್ಪನ್ನು ಪ್ರಶ್ನಿಸಿ ಕಿರುಹೊತ್ತಗೆ ಬರೆದರು. ಅವರ ಸ್ವಂತ ವಿದ್ಯಾರ್ಥಿಗಳೇ ತರಗತಿಯಲ್ಲಿ ಕೂಗಾಡಿ ಪಾಠ ನಿಲ್ಲಿಸಿದರು. ಹಿಲ್ಸ್‌ನರ್‌ನ ಶಿಕ್ಷೆ ಜೀವಾವಧಿಗೆ ಇಳಿದು, 1918ರಲ್ಲಿ ಕ್ಷಮಾದಾನ ಸಿಕ್ಕಿತು. ಅದೇ ವರ್ಷ ಚೆಕೊಸ್ಲೊವಾಕಿಯಾ ಸ್ವತಂತ್ರವಾಯಿತು. ಒಂದು ಕಾಲಕ್ಕೆ ದ್ರೋಹಿ ಎನ್ನಿಸಿಕೊಂಡಿದ್ದ ಮಸಾರಿಕ್ ಅದರ ಮೊದಲ ಅಧ್ಯಕ್ಷರಾದರು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 1938ರ ನಂತರ ಹಿಟ್ಲರ್ ಆ ದೇಶವನ್ನು ಹರಿದು ನುಂಗಿದ. ಅಲ್ಲಿನ ಯಹೂದಿಗಳಲ್ಲಿ ಹೆಚ್ಚಿನವರನ್ನು ನಾಜಿಗಳು ಕೊಂದರು. 1945ರ ಮೇ ತಿಂಗಳಲ್ಲಿ, ಬಿಡುಗಡೆಯಾದ ದೇಶದ ಸರ್ಕಾರ ಜರ್ಮನ್ನರ ಆಸ್ತಿಯನ್ನು ವಶಕ್ಕೆ ಪಡೆಯುವ ಆದೇಶ ಹೊರಡಿಸಿತು. ಜರ್ಮನ್ ಯಾರು ಎಂದು ಗುರುತಿಸುವುದು ಹೇಗೆ? ಆದೇಶ ಹೇಳಿದ ಮೊದಲ ಗುರುತು, 1929ರ ನಂತರದ ಯಾವುದಾದರೂ ಜನಗಣತಿಯಲ್ಲಿ ತನ್ನನ್ನು ಜರ್ಮನ್ ಎಂದು ಬರೆಸಿದವರು. ಹದಿನೈದು ವರ್ಷದ ಹಿಂದೆ, ಇನ್ನೊಂದು ಕಾಲದಲ್ಲಿ ತುಂಬಿದ ಕಾಲಂ ಮನೆ ಯಾರದ್ದು ಎಂದು ತೀರ್ಮಾನಿಸಿತು. ಸುಮಾರು 30 ಲಕ್ಷ ಜರ್ಮನ್ನರು ಊರು ಬಿಡಬೇಕಾಯಿತು. ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದ ಹಳ್ಳಿಗಳಲ್ಲಿ ಬದಲಾಯಿಸಿಕೊಳ್ಳಲು ಇನ್ನೊಂದು ಮನೆಯೇ ಉಳಿಯಲಿಲ್ಲ.

ನಮ್ಮ ಕಾಲಂ

ಆಸ್ಟ್ರಿಯಾದ ಗಣತಿ ನಡೆದ ಕೆಲವೇ ವಾರಗಳಲ್ಲಿ, 1881ರ ಫೆಬ್ರವರಿ 17ರಂದು, ಬ್ರಿಟಿಷ್ ಭಾರತದಲ್ಲೂ ಏಕಕಾಲದ ಮೊದಲ ಜನಗಣತಿ ನಡೆಯಿತು. ಅದರಲ್ಲೂ ಭಾಷೆಯ ಪ್ರಶ್ನೆ ಇತ್ತು. 1890ರಲ್ಲಿ ರಾ. ಹ. ದೇಶಪಾಂಡೆ ಅವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿಸಿದರು. 1917ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಬಂತು. ಚದುರಿದ ಕನ್ನಡಿಗರಿಗೆ ತಮ್ಮ ಚರಿತ್ರೆಯನ್ನು ತಮ್ಮ ಭಾಷೆಯಲ್ಲಿ ಕೊಟ್ಟ ಕೆಲಸ ಪಲಾತ್ಸ್ಕಿ ಅವರದ್ದನ್ನು ನೆನಪಿಸುತ್ತದೆ. ಆ ಹಿರಿಯರ ದುಡಿಮೆ ಇಲ್ಲದಿದ್ದರೆ ನಾವು ಇವತ್ತು ಈ ಸಂಚಿಕೆಯಲ್ಲಿ ಭೇಟಿಯಾಗುತ್ತಿರಲಿಲ್ಲ.

ನಮ್ಮ ದೇಶದ ಜನಗಣತಿ ಒಂದು ವಿಷಯದಲ್ಲಿ ಆಸ್ಟ್ರಿಯಾದ್ದಕ್ಕಿಂತ ಉದಾರವಾಗಿದೆ. 2011ರ ಫಾರ್ಮಿನಲ್ಲಿ ತಾಯ್ನುಡಿಯ ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆಗಳನ್ನೂ ಬರೆಸಬಹುದಿತ್ತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ವ್ಯವಸ್ಥೆ ಮಾಡಬೇಕೆನ್ನುತ್ತದೆ. ರೆನ್ನರ್ ಬಯಸಿದ್ದರ ಒಂದು ಅಂಶ ಇಲ್ಲಿ ಕಾಗದದ ಮೇಲಾದರೂ ಇದೆ.

ಹಾಗಾಗಿ ಗಣತಿಯವರು ಬಾಗಿಲು ತಟ್ಟಿದಾಗ ತಾಯ್ನುಡಿ ಕನ್ನಡ ಎಂದು ಗಟ್ಟಿಯಾಗಿ ಹೇಳೋಣ. ನಾವು ಹೇಳದಿದ್ದರೆ ವಿಯೆನ್ನಾದ ಅಡುಗೆಯ ಹೆಂಗಸರಂತೆ ಲೆಕ್ಕದಿಂದ ಮಾಯವಾಗುತ್ತೇವೆ. ಅದರ ಮುಂದೆ ಮರಾಠಿ, ತಮಿಳು, ತೆಲುಗು, ಹಿಂದಿ, ಯಾವುದು ನಮಗೆ ಅನ್ನ ಮತ್ತು ನೆರೆಹೊರೆ ಕೊಟ್ಟಿದೆಯೋ ಅದನ್ನೂ ಅಷ್ಟೇ ಪ್ರೀತಿಯಿಂದ ಬರೆಸೋಣ. ತುಳು, ಕೊಂಕಣಿ, ಕೊಡವ, ಬ್ಯಾರಿ ಮನೆಮಾತಿನ ನಮ್ಮ ಸದಸ್ಯರು ಅದನ್ನೇ ತಾಯ್ನುಡಿ ಎಂದು ಬರೆಸಿದರೆ ಕನ್ನಡಕ್ಕೆ ಕಡಿಮೆಯಾಯಿತು ಎಂದು ಮುಖ ಸಿಂಡರಿಸುವುದು ಬೇಡ. ಮಕ್ಕಳು ಎರಡು ಭಾಷೆ ಬೆರೆಸಿ ಮಾತಾಡಿದರೆ ಅವರನ್ನು ಅರೆಬರೆ ಎನ್ನುವುದೂ ಬೇಡ.

ವಿಯೆನ್ನಾದ ಕೊಮೆನ್ಸ್ಕಿ ಸಂಘದ ಶಾಲೆ ಇಂದಿಗೂ ನಡೆಯುತ್ತಿದೆ. ಎರಡು ಮಹಾಯುದ್ಧ ಕಳೆದು, ಸಾಮ್ರಾಜ್ಯವೇ ಅಳಿದು ಹೋದ ಮೇಲೂ ಅಲ್ಲಿನ ಮಕ್ಕಳು ಓದುತ್ತಿದ್ದಾರೆ. ಪಾಠ ಎರಡು ಭಾಷೆಗಳಲ್ಲಿ: ಚೆಕ್ ಮತ್ತು ಜರ್ಮನ್.